ಸೋತವರನ್ನೇ ಸೇರಿಸಿಕೊಂಡು ಕಾರ್ಖಾನೆ ಕಟ್ಟಿದರು: ಪದವೀಧರರು ಓದಬೇಕಾದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬದುಕು

ಕ್ಯಾಂಪಸ್ ಸಂದರ್ಶನದ ಕಾಲ ಬಂತೆಂದರೆ ಪುಣೆಯ ಕಾಲೇಜುಗಳಲ್ಲಿ ಬಿಕಾಂ, ಬಿಬಿಎ, ಎಂಬಿಎ ಓದುವವರಿಗೆ ನಿದ್ದೆ ಇರುವುದಿಲ್ಲ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಅಂಕಪಟ್ಟಿಯ ಫೈಲು, ಬಾಯಲ್ಲಿ ಉರು ಹೊಡೆದ ಉತ್ತರಗಳು. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಓದಲು ಹೋದ ಮಕ್ಕಳೂ ಆ ಸಾಲಿನಲ್ಲಿ ಇರುತ್ತಾರೆ. ಒಳ್ಳೆಯ ಅಂಕ ಇದ್ದೂ ಕೆಲವರು ಬರಿಗೈಯಲ್ಲಿ ಹೊರಬರುತ್ತಾರೆ. ಪದವಿ ಇದೆ, ಆದರೆ ಕೆಲಸ ಬರುವುದಿಲ್ಲ ಎಂಬುದು ಕಂಪನಿಗಳ ದೂರು. ಕೆಲಸ ಕಲಿಯಲು ಅವಕಾಶವನ್ನೇ ಕೊಡುವುದಿಲ್ಲ ಎಂಬುದು ಮಕ್ಕಳ ದೂರು.

ಈ ಎರಡೂ ದೂರುಗಳಿಗೆ ನೂರು ವರ್ಷಗಳ ಹಿಂದೆಯೇ ತಮ್ಮದೇ ರೀತಿಯಲ್ಲಿ ಉತ್ತರ ಕೊಟ್ಟ ಉದ್ಯಮಿಯೊಬ್ಬರು ಕೊನೆಯುಸಿರೆಳೆದದ್ದು ಇದೇ ಪುಣೆಯಲ್ಲಿ. 1956ರ ಸೆಪ್ಟೆಂಬರ್ 26ರಂದು 87ನೇ ವಯಸ್ಸಿನಲ್ಲಿ ತೀರಿಕೊಂಡ ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯಲ್ಲಿ. ಹೊಲದ ಪಂಪ್‌ಸೆಟ್ ಮೇಲೆ, ಎಂಜಿನ್ ಮೇಲೆ ಕಿರ್ಲೋಸ್ಕರ್ ಎಂಬ ಹೆಸರನ್ನು ನೋಡದ ರೈತ ಕರ್ನಾಟಕದಲ್ಲಿ ಸಿಗುವುದು ಅಪರೂಪ. ಆದರೆ ಆ ಹೆಸರಿನ ಹಿಂದಿನ ಮನುಷ್ಯ ಓದಿನಲ್ಲಿ ಮುಗ್ಗರಿಸಿದವರು, ನೌಕರಿಯಲ್ಲಿ ಅನ್ಯಾಯ ಕಂಡವರು, ಮೊದಲ ಸರಕನ್ನು ಮಾರಲಾಗದೆ ಕುಳಿತವರು ಎಂಬುದು ಹಲವರಿಗೆ ಗೊತ್ತಿಲ್ಲ.

ಗುರ್ಲಹೊಸೂರಿನ ಹುಡುಗ

ಲಕ್ಷ್ಮಣರಾವ್ ಹುಟ್ಟಿದ್ದು 1869ರ ಜೂನ್ 20ರಂದು, ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ್ ಕಿರ್ಲೋಸ್ಕರ್ ಅವರ ಹುಟ್ಟೂರೂ ಇದೇ. ಕನ್ನಡ ಮತ್ತು ಮರಾಠಿ ಎರಡೂ ಕಿವಿಗೆ ಬೀಳುವ ನಾಡು ಅದು.

ತಂದೆ ಕಾಶಿನಾಥಪಂತರು ವೇದಾಂತ ಬಲ್ಲವರು. ಮನೆಯಲ್ಲಿ ಶಾಸ್ತ್ರದ ವಾತಾವರಣ. ಹುಡುಗನಿಗೆ ಮಾತ್ರ ಪುಸ್ತಕದ ಪಾಠ ಹಿಡಿಸಲಿಲ್ಲ. ಚಿತ್ರ ಬರೆಯುವುದು, ಯಂತ್ರದ ವಸ್ತುಗಳನ್ನು ಬಿಚ್ಚಿ ನೋಡುವುದು, ಇವೆರಡರಲ್ಲೇ ಮನಸ್ಸು. ಚಿತ್ರ ಕಲಿಯಲು ಮುಂಬೈಗೆ ಹೋಗುತ್ತೇನೆಂದಾಗ ತಂದೆ ಒಪ್ಪಲಿಲ್ಲ. ಅಣ್ಣ ರಾಮುಅಣ್ಣ ಬೆನ್ನಿಗೆ ನಿಂತರು. ಹೀಗೆ 1885ರಲ್ಲಿ ಲಕ್ಷ್ಮಣರಾವ್ ಮುಂಬೈನ ಜೆ.ಜೆ. ಕಲಾ ಶಾಲೆ ಸೇರಿದರು.

ಬಣ್ಣ ಕೈಬಿಟ್ಟಿತು, ಗೆರೆ ಕೈಹಿಡಿಯಿತು

ಎರಡು ವರ್ಷ ಕಳೆದ ಮೇಲೆ ಒಂದು ಸತ್ಯ ಬಯಲಾಯಿತು. ಲಕ್ಷ್ಮಣರಾವ್ ಅವರಿಗೆ ಕೆಲವು ಬಣ್ಣಗಳ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಭಾಗಶಃ ಬಣ್ಣಗುರುಡು. ಚಿತ್ರಕಾರನಾಗಲು ಮನೆ ಬಿಟ್ಟು ಬಂದ ಹುಡುಗನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಬೇಕಿರಲಿಲ್ಲ.

ಅವರು ಊರಿಗೆ ಹಿಂತಿರುಗಲಿಲ್ಲ. ಬಣ್ಣ ಬೇಡದ ಒಂದು ಚಿತ್ರವಿದ್ಯೆ ಇತ್ತು, ಅದು ಯಂತ್ರಗಳ ನಕ್ಷೆ ಬರೆಯುವುದು. ಅದಕ್ಕೆ ಬೇಕಾದದ್ದು ನೇರವಾದ ಗೆರೆ, ಸರಿಯಾದ ಅಳತೆ, ವಸ್ತುವನ್ನು ಮನಸ್ಸಿನಲ್ಲೇ ಬಿಡಿಸಿ ನೋಡುವ ಶಕ್ತಿ. ಅದನ್ನು ಕಲಿತು ಮುಂಬೈನಲ್ಲಿ ಆಗಷ್ಟೇ ಆರಂಭವಾಗಿದ್ದ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾದರು. ಇಂದು ವಿಜೆಟಿಐ ಎಂದು ಕರೆಯುವ ಸಂಸ್ಥೆ ಅದು.

ಪಾಠ ಹೇಳುವ ಕೆಲಸದ ಜೊತೆಗೆ ಅಲ್ಲಿನ ವರ್ಕ್‌ಶಾಪ್‌ನಲ್ಲಿ ಯಂತ್ರಗಳ ಒಡನಾಟ ಬೆಳೆಯಿತು. ಯಾವ ಯಂತ್ರ ಹೇಗೆ ಓಡುತ್ತದೆ, ಎಲ್ಲಿ ಕೆಡುತ್ತದೆ, ಹೇಗೆ ಸರಿಹೋಗುತ್ತದೆ ಎಂಬುದು ಕೈಯಿಂದಲೇ ತಿಳಿಯಿತು. ಅವರಿಗೆ ಎಂಜಿನಿಯರಿಂಗ್ ಪದವಿ ಇರಲಿಲ್ಲ, ಆದರೆ ವಿದ್ಯೆ ಇತ್ತು.

ತಪ್ಪಿದ ಬಡ್ತಿ

ಹತ್ತು ವರ್ಷದ ಹೊತ್ತಿಗೆ ಬಡ್ತಿಯ ಸರದಿ ಬಂತು. ಆ ಜಾಗ ಅವರಿಗೆ ಸಿಗಲಿಲ್ಲ, ಒಬ್ಬ ಆಂಗ್ಲೋ ಇಂಡಿಯನ್ ವ್ಯಕ್ತಿಗೆ ಹೋಯಿತು. ಬ್ರಿಟಿಷರ ಕಾಲದಲ್ಲಿ ಇಂಥದ್ದು ಹೊಸದೇನಲ್ಲ. ಬಹಳ ಮಂದಿ ನುಂಗಿಕೊಂಡು ಸುಮ್ಮನಾಗುತ್ತಿದ್ದರು. ಲಕ್ಷ್ಮಣರಾವ್ 1897ರಲ್ಲಿ ರಾಜೀನಾಮೆ ಕೊಟ್ಟು ಬೆಳಗಾವಿಯ ರೈಲು ಹತ್ತಿದರು.

ಯೋಗ್ಯತೆ ಇದ್ದೂ ಹೊರಗೆ ನಿಲ್ಲಬೇಕಾದವನ ಸಂಕಟ ಏನೆಂಬುದನ್ನು ಅವರು ಅನುಭವಿಸಿ ತಿಳಿದರು. ಮುಂದೆ ಅವರೇ ಮಾಲೀಕರಾದಾಗ ಯಾರನ್ನು ಕೆಲಸಕ್ಕೆ ತೆಗೆದುಕೊಂಡರು ಎಂಬುದನ್ನು ನೋಡಿದರೆ ಈ ಘಟನೆಯ ಮಹತ್ವ ಅರ್ಥವಾಗುತ್ತದೆ.

ಬೆಳಗಾವಿಯ ಸೈಕಲ್ ಅಂಗಡಿ

ನೌಕರಿ ಬಿಟ್ಟರೂ ಅವರು ಬೀದಿಗೆ ಬೀಳಲಿಲ್ಲ. ಮುಂಬೈನಲ್ಲಿ ಸೈಕಲ್ ಕಂಡು ಬೆರಗಾಗಿದ್ದ ಲಕ್ಷ್ಮಣರಾವ್ ಅದರಲ್ಲಿ ವ್ಯಾಪಾರವನ್ನೂ ಕಂಡಿದ್ದರು. 1888ರಲ್ಲೇ ಬೆಳಗಾವಿಯಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಎಂಬ ಅಂಗಡಿ ಶುರುವಾಗಿತ್ತು. ಮುಂಬೈನಿಂದ ಸೈಕಲ್ ಕೊಂಡು ಕಳಿಸುವುದು ಲಕ್ಷ್ಮಣರಾವ್ ಕೆಲಸ, ಬೆಳಗಾವಿಯಲ್ಲಿ ಮಾರುವುದು ರಾಮುಅಣ್ಣನ ಕೆಲಸ.

ಆಗ ಒಂದು ಸೈಕಲ್ ಬೆಲೆ 700 ರೂಪಾಯಿಯಿಂದ 1000 ರೂಪಾಯಿವರೆಗೆ ಇತ್ತು. ಇಷ್ಟು ಹಣ ಕೊಟ್ಟು ಕೊಳ್ಳುವವನಿಗೆ ಅದನ್ನು ಓಡಿಸುವುದೇ ಗೊತ್ತಿಲ್ಲದಿದ್ದರೆ? ಹಾಗಾಗಿ 15 ರೂಪಾಯಿ ಪಡೆದು ಸೈಕಲ್ ಸವಾರಿಯನ್ನೂ ಕಲಿಸುತ್ತಿದ್ದರು. ಇಂದು ಮಾರ್ಕೆಟಿಂಗ್ ತರಗತಿಯಲ್ಲಿ ಗ್ರಾಹಕರ ಕಷ್ಟ ಅರಿತು ಸೇವೆ ಕೊಡುವುದನ್ನು ಪಾಠ ಮಾಡುತ್ತಾರೆ. ಬೆಳಗಾವಿಯ ಅಣ್ಣ ತಮ್ಮ ಅದನ್ನು ಅಂಗಡಿಯ ಮುಂದಿನ ಬೀದಿಯಲ್ಲೇ ಮಾಡಿದ್ದರು.

ಅಂಗಡಿಯ ಜೊತೆಗೆ ಸಣ್ಣ ವರ್ಕ್‌ಶಾಪ್ ಬಂತು. ಅಲ್ಲಿ ದನಕರುಗಳಿಗೆ ಮೇವು ಕತ್ತರಿಸುವ ಯಂತ್ರ ತಯಾರಾಯಿತು. ಸೈಕಲ್ ಮಾರುವವರು ಈಗ ಯಂತ್ರ ಮಾಡುವವರಾದರು. ಸುತ್ತಲಿನ ರೈತನಿಗೆ ಏನು ಬೇಕು ಎಂಬುದರ ಮೇಲೆ ಲಕ್ಷ್ಮಣರಾವ್ ಕಣ್ಣಿಟ್ಟರು.

ಎರಡು ವರ್ಷದಲ್ಲಿ 40 ನೇಗಿಲು

ನಂತರ ಬಂದದ್ದು ಕಬ್ಬಿಣದ ನೇಗಿಲು. ಮರದ ನೇಗಿಲು ನೆಲವನ್ನು ಗೀರಿದರೆ, ಕಬ್ಬಿಣದ ನೇಗಿಲು ಮಣ್ಣನ್ನು ಆಳದಿಂದ ಮಗುಚುತ್ತದೆ. ಕಳೆ ಅಡಿಗೆ ಹೋಗುತ್ತದೆ, ಬೇರಿಗೆ ಸಡಿಲ ಮಣ್ಣು ಸಿಗುತ್ತದೆ. 1903ರ ಹೊತ್ತಿಗೆ ಲಕ್ಷ್ಮಣರಾವ್ ಅದನ್ನು ತಯಾರಿಸಿದರು. ಸರಕು ಒಳ್ಳೆಯದೇ, ಕೊಳ್ಳುವವರೇ ಇರಲಿಲ್ಲ.

ಕಬ್ಬಿಣ ತಾಗಿದರೆ ನೆಲಕ್ಕೆ ವಿಷ ಏರುತ್ತದೆ ಎಂಬ ನಂಬಿಕೆ ರೈತರಲ್ಲಿತ್ತು. ಮೊದಲ 40 ನೇಗಿಲು ಖರ್ಚಾಗಲು ಎರಡು ವರ್ಷ ಹಿಡಿಯಿತು. ಲೆಕ್ಕ ಹಾಕಿದರೆ ತಿಂಗಳಿಗೆ ಎರಡು ನೇಗಿಲೂ ಇಲ್ಲ. ಸಾಮಾನ್ಯ ವ್ಯಾಪಾರಿಯಾಗಿದ್ದರೆ ಸರಕನ್ನು ಮೂಲೆಗೆ ತಳ್ಳಿ ಬೇರೆ ದಂಧೆ ಹಿಡಿಯುತ್ತಿದ್ದ.

ರೈತನ ನಂಬಿಕೆಯನ್ನು ನಕ್ಕು ತಳ್ಳಿಹಾಕಿದರೆ ನೇಗಿಲು ಮಾರಾಟವಾಗುವುದಿಲ್ಲ. ಅವನ ಭಾಷೆಯಲ್ಲಿ ಮಾತಾಡಬೇಕು, ಅವನ ಭಯ ಏನೆಂದು ಕೇಳಬೇಕು, ಒಬ್ಬನ ಹೊಲದಲ್ಲಿ ಬೆಳೆ ಎದ್ದು ಪಕ್ಕದವನು ಅದನ್ನು ನೋಡುವವರೆಗೆ ಕಾಯಬೇಕು. ಲಕ್ಷ್ಮಣರಾವ್ ಕಾದರು. ಅದೇ ನೇಗಿಲು ಮುಂದೆ ದಕ್ಷಿಣ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಹೊಲಗಳಲ್ಲಿ ಮನೆಮಾತಾಯಿತು.

ಒಕ್ಕಲೆಬ್ಬಿಸಿದ ಪೇಟೆ, ಕರೆದ ರಾಜ

ವ್ಯಾಪಾರ ಕುದುರುವ ಹೊತ್ತಿಗೆ ಇನ್ನೊಂದು ಪೆಟ್ಟು ಬಿತ್ತು. ಬೆಳಗಾವಿ ಪುರಸಭೆ ಊರನ್ನು ವಿಸ್ತರಿಸಲು ಹೊರಟಿತ್ತು. ಕಿರ್ಲೋಸ್ಕರ್ ವರ್ಕ್‌ಶಾಪ್ ಇದ್ದ ಜಾಗ ಖಾಲಿ ಮಾಡಬೇಕೆಂದು ಹೇಳಿತು. ಅಣ್ಣ ತಮ್ಮ ಯಂತ್ರಗಳನ್ನು ಹೊತ್ತು ಎಲ್ಲಿಗೆ ಹೋಗಬೇಕು? ಅದೇ ಬೆಳಗಾವಿಯಲ್ಲಿ ಇಂದು ಕಿರ್ಲೋಸ್ಕರ್ ರೋಡ್ ಇದೆ ಎಂಬುದು ಇತಿಹಾಸದ ವಿನೋದ.

ಕೈಹಿಡಿದವರು ಔಂಧ್ ಸಂಸ್ಥಾನದ ಬಾಳಾಸಾಹೇಬ್ ಪಂತ ಪ್ರತಿನಿಧಿ. ಅವರಿಗೂ ಲಕ್ಷ್ಮಣರಾವ್‌ಗೂ ಹಳೆಯ ಪರಿಚಯ. ಔಂಧ್‌ನ ದೇವಸ್ಥಾನದಲ್ಲಿ ಸಭಾಮಂಟಪ ಕಟ್ಟುವ ಕೆಲಸವನ್ನು ಲಕ್ಷ್ಮಣರಾವ್ ಅವರಿಗೆ ವಹಿಸಿದ್ದರು. ಈಗ ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಜಮೀನು ಕೊಟ್ಟರು, ಬಡ್ಡಿಯಿಲ್ಲದೆ 10,000 ರೂಪಾಯಿ ಸಾಲವನ್ನೂ ಕೊಟ್ಟರು.

ಜಮೀನು ಎಂದರೆ ಬರೀ ಬರಡು. ಪಾಪಾಸುಕಳ್ಳಿ, ಅದರ ಬುಡದಲ್ಲಿ ನಾಗರಹಾವು. 1910ರಲ್ಲಿ 25 ಮಂದಿ ಕೆಲಸಗಾರರು ಹೆಂಡತಿ ಮಕ್ಕಳೊಂದಿಗೆ ಅಲ್ಲಿಗೆ ಬಂದಿಳಿದರು. ಕಳ್ಳಿ ಕಡಿದು ನೆಲ ಹದ ಮಾಡಿದರು. ಮನೆ ಎದ್ದವು, ಕಾರ್ಖಾನೆಯ ಚಾವಣಿ ಎದ್ದಿತು. ಊರಿಗೆ ಕಿರ್ಲೋಸ್ಕರ್‌ವಾಡಿ ಎಂದು ಹೆಸರಾಯಿತು. ಈಗಿನ ಸಾಂಗ್ಲಿ ಜಿಲ್ಲೆಯಲ್ಲಿರುವ ಅದು ದೇಶದ ಆರಂಭದ ಕೈಗಾರಿಕಾ ಊರುಗಳಲ್ಲಿ ಒಂದು. ರೈಲು ನಿಲ್ದಾಣಕ್ಕೂ ಈಗ ಅದೇ ಹೆಸರು.

ಅವರು ಆರಿಸಿಕೊಂಡ ಜನ

ಕಿರ್ಲೋಸ್ಕರ್‌ವಾಡಿಯ ನಿಜವಾದ ಕಥೆ ಅಲ್ಲಿನ ಯಂತ್ರಗಳಲ್ಲಿಲ್ಲ, ಜನರಲ್ಲಿದೆ. ಇಂದಿನ ಯಾವುದೇ ಕಂಪನಿಯ ಎಚ್‌ಆರ್ ವಿಭಾಗ ಮೊದಲ ಸುತ್ತಿನಲ್ಲೇ ಕೈಬಿಡಬಹುದಾದವರು ಅಲ್ಲಿ ದೊಡ್ಡ ಹೊಣೆ ಹೊತ್ತರು.

ಕೆ.ಕೆ. ಕುಲಕರ್ಣಿ ಎಂಬುವರು ಅದುವರೆಗೆ ಕೈಹಾಕಿದ್ದರಲ್ಲೆಲ್ಲ ಸೋತವರು. ಕಿರ್ಲೋಸ್ಕರ್‌ವಾಡಿಯಲ್ಲಿ ಅವರೇ ಮ್ಯಾನೇಜರ್, ಅವರೇ ಮಾರಾಟಗಾರ, ಅವರೇ ಕಾನೂನು ಸಲಹೆಗಾರ. ಯಾರಿಗೆ ಏನೇ ತೊಡಕು ಬಂದರೂ ಬಿಡಿಸಲು ಅವರೇ ಬೇಕು. ಒಂದೇ ಕೆಲಸಕ್ಕೆ ಅಂಟಿಕೊಳ್ಳಲಾಗದ್ದು ಬೇರೆಡೆ ಅವರ ದೋಷವಾಗಿತ್ತು. ಹೊಸದಾಗಿ ಏಳುತ್ತಿದ್ದ ಊರಿನಲ್ಲಿ ಅದೇ ಗುಣಕ್ಕೆ ಬೆಲೆ ಬಂತು.

ಅನಂತರಾವ್ ಫಳಣೀಕರ್ ಶಾಲೆಯನ್ನು ಅರ್ಧಕ್ಕೆ ಬಿಟ್ಟವರು. ಅವರು ಹೊಸ ಹೊಸದನ್ನು ಯೋಚಿಸಬಲ್ಲ ಎಂಜಿನಿಯರ್ ಆಗಿ ಬೆಳೆದರು. ಮಂಗೇಶರಾವ್ ರೇಗೆ ಗುಮಾಸ್ತಿಕೆ ಮಾಡುತ್ತ ಸಂಸ್ಥೆಯ ಮುಖ್ಯ ಲೆಕ್ಕಿಗರಾದರು. ಆಗ ವಾಣಿಜ್ಯ ಓದಿದವರನ್ನೇ ಹುಡುಕುತ್ತೇನೆಂದರೂ ಸಿಗುತ್ತಿರಲಿಲ್ಲ. ಮುಂಬೈನಲ್ಲಿ ಸಿಡೆನ್‌ಹ್ಯಾಮ್ ವಾಣಿಜ್ಯ ಕಾಲೇಜು ಶುರುವಾಗಿದ್ದೇ 1913ರಲ್ಲಿ, ಪುಣೆಯಲ್ಲಿ ಬೃಹನ್ ಮಹಾರಾಷ್ಟ್ರ ವಾಣಿಜ್ಯ ಕಾಲೇಜು ತೆರೆದದ್ದು 1943ರಲ್ಲಿ. ಲೆಕ್ಕ ಬರೆಯುವವನಿಗೆ ಬೇಕಾದದ್ದು ಶಿಸ್ತು ಮತ್ತು ಪ್ರಾಮಾಣಿಕತೆ, ಉಳಿದದ್ದನ್ನು ಕೆಲಸವೇ ಕಲಿಸಬೇಕಿತ್ತು.

ಊರಿನ ಯೋಜನೆ, ನೀರು, ಬೀದಿ, ಆಡಳಿತ ಎಲ್ಲವನ್ನೂ ಅಣ್ಣ ರಾಮುಅಣ್ಣ ನೋಡಿಕೊಂಡರು. ಇನ್ನು ಕಾವಲು ಯಾರದು? ಅದಕ್ಕೆ ಲಕ್ಷ್ಮಣರಾವ್ ಆರಿಸಿದ್ದು ತುಕಾರಾಮ ರಾಮೋಶಿ ಮತ್ತು ಪಿರ್ಯಾ ಮಾಂಗ್ ಎಂಬ ಇಬ್ಬರನ್ನು. ದರೋಡೆ ಪ್ರಕರಣದಲ್ಲಿ ಶಿಕ್ಷೆ ಅನುಭವಿಸಿ ಬಂದವರು, ಸುತ್ತಲಿನ ಜನ ಹೆಸರು ಕೇಳಿದರೆ ಬೆಚ್ಚುತ್ತಿದ್ದವರು. ಕಳ್ಳನ ಕೈಗೆ ಬೀಗದ ಕೈ ಕೊಡುವುದೆಂದರೆ ಇದೇ ಎಂದು ಯಾರಿಗಾದರೂ ಅನಿಸಬಹುದು. ಆದರೆ ಅವರಿಬ್ಬರೂ ಊರಿನ ನಂಬಿಕಸ್ತ ಕಾವಲುಗಾರರಾದರು.

ಅಸ್ಪೃಶ್ಯತೆಗೆ ಕಿರ್ಲೋಸ್ಕರ್‌ವಾಡಿಯಲ್ಲಿ ಜಾಗ ಇರಬಾರದು ಎಂಬುದು ಲಕ್ಷ್ಮಣರಾವ್ ನಿಲುವಾಗಿತ್ತು. ವೇದಾಂತಿಗಳ ಮನೆಯಲ್ಲಿ ಹುಟ್ಟಿದವರು ಆ ಕಾಲದಲ್ಲಿ ಈ ನಿಲುವು ತಳೆಯುವುದು ಸುಲಭವಿರಲಿಲ್ಲ. ಜಾತಿ, ಹಳೆಯ ಸೋಲು, ಹಳೆಯ ತಪ್ಪು, ಅರ್ಧಕ್ಕೆ ನಿಂತ ಓದು ಇವುಗಳಾಚೆಗೆ ಮನುಷ್ಯನನ್ನು ನೋಡಿದ್ದರಿಂದಲೇ ಅವರಿಗೆ ಬೇರೆಯವರಿಗೆ ಸಿಗದ ಜನ ಸಿಕ್ಕರು.

ಓದನ್ನು ಹೀಗಳೆದವರಲ್ಲ

ಇದನ್ನು ಓದಿ ಪದವಿಯೇ ದಂಡ ಎಂದು ತಿಳಿದರೆ ಅದು ತಪ್ಪು. ಲಕ್ಷ್ಮಣರಾವ್ ತಮ್ಮ ಮಗ ಶಂತನುರಾವ್‌ರನ್ನು ಎಂಜಿನಿಯರಿಂಗ್ ಕಲಿಯಲು ಅಮೆರಿಕದ ಎಂಐಟಿಗೆ ಕಳಿಸಿದರು. ಅಂದಿನ ಕಾಲಕ್ಕೆ ಅದು ದೊಡ್ಡ ಖರ್ಚು, ದೊಡ್ಡ ಸಾಹಸ. 1926ರಲ್ಲಿ ಪದವಿ ಪಡೆದ ಶಂತನುರಾವ್ ದೊಡ್ಡ ನಗರದಲ್ಲಿ ನೌಕರಿ ಹಿಡಿಯದೆ ಕಿರ್ಲೋಸ್ಕರ್‌ವಾಡಿಗೇ ಮರಳಿದರು. ಶಾಲೆ ಬಿಟ್ಟ ಕುಶಲಕರ್ಮಿಯೂ ಅಮೆರಿಕದ ಪದವೀಧರನೂ ಒಂದೇ ಕಾರ್ಖಾನೆಯಲ್ಲಿ ದುಡಿದರು.

1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿಯಾಯಿತು. ಅದೇ ವರ್ಷ ಅಣ್ಣನ ಮಗ, ಚಿತ್ರಕಾರ ಶಂಕರರಾವ್ ಕಿರ್ಲೋಸ್ಕರ್ ಒಂದು ಪತ್ರಿಕೆ ಶುರು ಮಾಡಿದರು. ಕಂಪನಿಯ ಸುದ್ದಿ, ಸರಕಿನ ಪರಿಚಯಕ್ಕೆಂದು ಹುಟ್ಟಿದ ಆ ಪತ್ರಿಕೆ ಮರಾಠಿಯ ಪ್ರಮುಖ ಮಾಸಿಕವಾಗಿ ಬೆಳೆಯಿತು. 1930ರಲ್ಲಿ ಹೆಂಗಸರಿಗಾಗಿ ಸ್ತ್ರೀ ಎಂಬ ಇನ್ನೊಂದು ಮಾಸಿಕವೂ ಬಂತು. ನೇಗಿಲು ಮಾಡುವ ಸಂಸ್ಥೆಗೆ ಜನರೊಂದಿಗೆ ಮಾತಾಡುವುದೂ ಅಷ್ಟೇ ಮುಖ್ಯ ಎಂಬುದು ಆ ಮನೆಯವರಿಗೆ ಗೊತ್ತಿತ್ತು.

ನೇಗಿಲಿನ ಜೊತೆಗೆ ಶೇಂಗಾ ಸುಲಿಯುವ ಯಂತ್ರ, ಕಬ್ಬಿನ ಗಾಣ, ಕೈಪಂಪು ಬಂದವು. 1926ರಲ್ಲಿ ಸೆಂಟ್ರಿಫ್ಯೂಗಲ್ ಪಂಪ್ ತಯಾರಾಯಿತು. ಬಾವಿಯ ನೀರು ಎತ್ತಿನ ಕಪಿಲೆಯಿಂದ ಪಂಪಿಗೆ ಹೊರಳಿದ ಕಥೆಯಲ್ಲಿ ಇದೂ ಒಂದು ಅಧ್ಯಾಯ.

ಹರಿಹರ, ಬೆಂಗಳೂರು, ಪುಣೆ

ಮೂವತ್ತು ವರ್ಷ ಕಿರ್ಲೋಸ್ಕರ್‌ವಾಡಿಯಲ್ಲಿ ಬೇರು ಬಿಟ್ಟ ಉದ್ಯಮ 1940ರ ದಶಕದಲ್ಲಿ ಹರಡಿತು. ಲಕ್ಷ್ಮಣರಾವ್ ಹುಟ್ಟಿದ ನಾಡಿನತ್ತ ಮತ್ತೆ ನೋಡಿದರು. 1941ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಯಿತು. ಅಲ್ಲಿ ತಯಾರಾದ ಲೇಥ್ ಯಂತ್ರಗಳು ದೇಶದ ಅದೆಷ್ಟೋ ವರ್ಕ್‌ಶಾಪ್‌ಗಳನ್ನು ತಲುಪಿದವು. ದಾವಣಗೆರೆ, ಹರಿಹರ ಸುತ್ತಿನ ಸಾವಿರಾರು ಮನೆಗಳಿಗೆ ಆ ಕಾರ್ಖಾನೆ ಅನ್ನ ಕೊಟ್ಟಿತು.

1946ರಲ್ಲಿ ಬೆಂಗಳೂರಿನಲ್ಲಿ ಮಗ ರವಿ ಕಿರ್ಲೋಸ್ಕರ್ ಮುಂದಾಳತ್ವದಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಆರಂಭವಾಯಿತು. ಅದೇ ವರ್ಷ ಪುಣೆಯ ಖಡ್ಕಿಯಲ್ಲಿ ಶಂತನುರಾವ್ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಕಟ್ಟಿದರು. ಪಿಂಚಣಿದಾರರ ಊರು, ವಿದ್ಯೆಯ ಊರು ಎನಿಸಿದ್ದ ಪುಣೆ ಎಂಜಿನಿಯರಿಂಗ್ ಕೈಗಾರಿಕೆಯ ನಗರವಾಗಿ ಬದಲಾಗುವಲ್ಲಿ ಇದು ದೊಡ್ಡ ಹೆಜ್ಜೆ.

ಈ ನಡುವೆ ಅತಿ ದೊಡ್ಡ ಆಘಾತವೂ ಬಂತು. 1948ರಲ್ಲಿ ಗಾಂಧೀಜಿ ಹತ್ಯೆಯ ಬೆನ್ನಲ್ಲೇ ಆ ಭಾಗದಲ್ಲಿ ಎದ್ದ ಗಲಭೆಯಲ್ಲಿ ಕಿರ್ಲೋಸ್ಕರ್‌ವಾಡಿ ಕಾರ್ಖಾನೆಗೆ ಬೆಂಕಿ ಬಿತ್ತು. ಕಳ್ಳಿ ಕಡಿದು ಕಟ್ಟಿದ್ದು ಕಣ್ಣೆದುರು ಉರಿಯಿತು. ಲಕ್ಷ್ಮಣರಾವ್‌ಗೆ ಆಗ ಎಂಬತ್ತರ ಹತ್ತಿರದ ವಯಸ್ಸು. ಕಾರ್ಖಾನೆಯನ್ನು ಮತ್ತೆ ಎಬ್ಬಿಸಿ ನಿಲ್ಲಿಸಲಾಯಿತು. ಯಂತ್ರ ಸುಟ್ಟರೆ ಮತ್ತೆ ತರಬಹುದು, ಕೆಲಸ ಬಲ್ಲ ಕೈಗಳು ಉಳಿದಿದ್ದರೆ ಸಾಕು.

ಅದಾಗಿ ಎಂಟು ವರ್ಷಕ್ಕೆ ಲಕ್ಷ್ಮಣರಾವ್ ಪುಣೆಯಲ್ಲಿ ಕಣ್ಣು ಮುಚ್ಚಿದರು. 1969ರಲ್ಲಿ ಅವರ ಜನ್ಮಶತಮಾನೋತ್ಸವಕ್ಕೆ ಅಂಚೆ ಇಲಾಖೆ ಅವರ ಅಂಚೆಚೀಟಿ ಹೊರತಂದಿತು.

ಇಂದಿನ ಪದವೀಧರರಿಗೆ ಇದರಲ್ಲಿ ಏನಿದೆ?

ಲಕ್ಷ್ಮಣರಾವ್ ಬದುಕನ್ನು ಮುಂದಿಟ್ಟುಕೊಂಡು ಇಂದಿನ ಸಂದರ್ಶನ ಕೊಠಡಿಗೆ ಹೋದರೆ, ಕಂಪನಿಗಳು ಕೇಳುವ ಗುಣಗಳೆಲ್ಲ ಅದರಲ್ಲೇ ಸಿಗುತ್ತವೆ.

ಒಂದು ದಾರಿ ಮುಚ್ಚಿದಾಗ ಕೈಯಲ್ಲಿರುವ ವಿದ್ಯೆಯನ್ನು ಬೇರೆ ಕೆಲಸಕ್ಕೆ ಒಗ್ಗಿಸುವುದು. ಬಣ್ಣ ಕಾಣದ ಚಿತ್ರಕಾರ ಯಂತ್ರದ ನಕ್ಷೆಗೆ ಹೊರಳಿದ್ದು ಇದಕ್ಕೆ ಸಾಕ್ಷಿ. ಕಂಪ್ಯೂಟರ್ ಮತ್ತು ಕೃತಕ ಬುದ್ಧಿಮತ್ತೆಯಿಂದ ಕೆಲಸಗಳ ಸ್ವರೂಪವೇ ಬದಲಾಗುತ್ತಿರುವ ಈ ಕಾಲದಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು.

ಗ್ರಾಹಕನ ಮಾತು ಕೇಳುವುದು. ಚೆಂದದ ಇಂಗ್ಲಿಷ್ ಮಾತಾಡುವುದನ್ನೇ ಸಂವಹನ ಎಂದು ಬಹಳ ವಿದ್ಯಾರ್ಥಿಗಳು ತಿಳಿದಿದ್ದಾರೆ. ಸೈಕಲ್ ಕೊಂಡವನಿಗೆ ಸವಾರಿ ಕಲಿಸಿದ್ದು, ನೇಗಿಲಿಗೆ ಹೆದರಿದ ರೈತನನ್ನು ಒಲಿಸಿಕೊಂಡದ್ದು ಅದಕ್ಕಿಂತ ದೊಡ್ಡ ಸಂವಹನ.

ತನ್ನದಲ್ಲದ ಕೆಲಸಕ್ಕೂ ಹೆಗಲು ಕೊಡುವುದು, ನಂಬಿಕೆ ಉಳಿಸಿಕೊಳ್ಳುವುದು. ಕುಲಕರ್ಣಿಯವರು ಮೇಲೇರಿದ್ದು ಮೊದಲನೆಯದರಿಂದ, ತುಕಾರಾಮ ಮತ್ತು ಪಿರ್ಯಾ ಬದುಕು ಹಸನಾದದ್ದು ಎರಡನೆಯದರಿಂದ. ಇವು ಯಾವ ಪರೀಕ್ಷೆಯಲ್ಲೂ ಅಂಕವಾಗಿ ಬರುವುದಿಲ್ಲ. ಇಂಟರ್ನ್‌ಶಿಪ್‌ನಲ್ಲಿ, ಅಪ್ಪನ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ, ಕಾಲೇಜಿನ ಉತ್ಸವಕ್ಕೆ ಹಣ ಹೊಂದಿಸುವಾಗ ಬರುತ್ತವೆ.

ಆದರೆ ಇದೇ ಬದುಕು ಕಂಪನಿಗಳಿಗೂ ಒಂದು ಪ್ರಶ್ನೆ ಕೇಳುತ್ತದೆ. ಫಳಣೀಕರ್ ಎಂಜಿನಿಯರ್ ಆಗಿಯೇ ಕಿರ್ಲೋಸ್ಕರ್‌ವಾಡಿಗೆ ಬಂದವರಲ್ಲ, ಅಲ್ಲಿ ಆದವರು. ರೇಗೆ ಮುಖ್ಯ ಲೆಕ್ಕಿಗರಾಗಿಯೇ ಬಂದವರಲ್ಲ. ಕಲಿಯುವಷ್ಟು ಕಾಲ ತಾಳಿಕೊಂಡ ಮಾಲೀಕ ಇದ್ದುದರಿಂದ ಅವರು ಬೆಳೆದರು. ಎರಡು ವರ್ಷ 40 ನೇಗಿಲಿಗಾಗಿ ಕಾದವರಿಗೆ ಮನುಷ್ಯರಿಗಾಗಿ ಕಾಯುವುದು ಕಷ್ಟವಾಗಲಿಲ್ಲ. ಮೊದಲ ದಿನದಿಂದಲೇ ಎಲ್ಲ ಬಲ್ಲವನು ಬೇಕು ಎನ್ನುವ ಕಂಪನಿಗೆ ಅಂಥ ಜನ ಸಿಗುವುದೂ ಇಲ್ಲ, ಸಿಕ್ಕರೂ ಉಳಿಯುವುದಿಲ್ಲ.

ಲಕ್ಷ್ಮಣರಾವ್ ಮನೆತನದ ಹೆಸರಿನಲ್ಲಿ ಇಂದು ಮ್ಯಾನೇಜ್‌ಮೆಂಟ್ ಸಂಸ್ಥೆಯೊಂದು ಇದೆ. ಅದು 1991ರಲ್ಲಿ ಶುರುವಾಗಿದ್ದು ಹರಿಹರದಲ್ಲಿ, ಅದರ ಇನ್ನೊಂದು ಕ್ಯಾಂಪಸ್ ಇರುವುದು ಪುಣೆಯಲ್ಲಿ. ಬಡ್ತಿ ಸಿಗದೆ ನೌಕರಿ ಬಿಟ್ಟು ಬಂದ ನಕ್ಷೆ ಮೇಷ್ಟ್ರ ಹೆಸರಿನಡಿ ಹುಡುಗ ಹುಡುಗಿಯರು ವ್ಯವಹಾರ ವಿದ್ಯೆ ಕಲಿತು ಸಂದರ್ಶನಕ್ಕೆ ಸಿದ್ಧರಾಗುತ್ತಾರೆ. ಆ ಸಾಲಿನಲ್ಲಿ ನಿಂತು ಮೊದಲ ಸುತ್ತಿನಲ್ಲೇ ಹೊರಬಿದ್ದವರಿಗೆ ಸೈಕಲ್ ಅಂಗಡಿಯಿಂದ ಕಾರ್ಖಾನೆಯವರೆಗಿನ ಈ ಕಥೆ ಸ್ವಲ್ಪ ಧೈರ್ಯ ಕೊಟ್ಟೀತು.